ಹಳೇ ಸಿಪಾಯಿಯ ಬಿಲ್ಲೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. 120 ವರ್ಷ ಮಣ್ಣಿನೊಳಗೆ ಯಾವ ಸರ್ವೀಸಿಂಗೂ ಇಲ್ಲದೆ ಬಿದ್ದಿದ್ದ ಒಂದು ಉತ್ಪನ್ನ ನಿಮ್ಮ ಕೈಸೇರಿದೆ. ನೀವು ಅದರ ಮಾಲೀಕರಾದಿರೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅದನ್ನು ಸುರಕ್ಷತೆಯ ಭಾಗದಲ್ಲಿ ಇತ್ಯರ್ಥ ಮಾಡೋಣ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಮಿಕ್ಸಿಯ ಕೈಪಿಡಿಯನ್ನೂ ಓದದ ವಂಶದವರು ನಾವು ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಪೆನ್ಸಿಲ್ವೇನಿಯಾ, ಒಹಾಯೊ, ನ್ಯೂಜೆರ್ಸಿ, ವರ್ಜೀನಿಯಾ ಕಡೆ ನೆಲೆಸಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಭಾನುವಾರಗಳನ್ನು ಏನು ಮಾಡುವುದೆಂದು ತೋಚದೆ ಮೆಟಲ್ ಡಿಟೆಕ್ಟರ್ ಕೊಂಡ ಕನ್ನಡಿಗರಿಗಾಗಿ ಈ ಆವೃತ್ತಿ. ಉಳಿದವರೂ ಓದಬಹುದು. ಆದರೆ ಊರಿನಿಂದ ಫೋನ್ ಮಾಡಿ "ಏನೋ, ನಿಧಿ ಗಿಧಿ ಸಿಕ್ತೇನೋ?" ಎಂದು ಕೇಳುವ ಸೋದರಮಾವ ಅವರಿಗೆ ಇರುವುದಿಲ್ಲ. "ಇಲ್ಲ ಮಾಮ, ಬಿಲ್ಲೆ ಸಿಕ್ತು." "ಎಷ್ಟಕ್ಕೆ ಹೋಗತ್ತೆ?" ಈ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿಲ್ಲ.

ಉತ್ಪನ್ನದ ಪರಿಚಯ

ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ನಿಮ್ಮ ಕೈಯಲ್ಲಿರುವ ಬಿಲ್ಲೆ ಆ ಯುದ್ಧದ್ದಲ್ಲ. ಈ ವಾಕ್ಯವನ್ನು ಇನ್ನೊಮ್ಮೆ ಓದಿ, ಯಾಕೆಂದರೆ ಬಳಕೆದಾರರು ಮೊದಲು ಮರೆಯುವುದು ಇದನ್ನೇ. ಯುದ್ಧ ಮುಗಿದು ಇಪ್ಪತ್ತು, ಮೂವತ್ತು, ಐವತ್ತು ವರ್ಷಗಳಾದ ಮೇಲೆ, ಹೊಟ್ಟೆ ಬಂದ, ಕೂದಲು ಹೋದ, ಮಂಡಿ ಹಿಡಿದುಕೊಂಡ ಗಂಡಸರು ವರ್ಷಕ್ಕೊಮ್ಮೆ ಒಂದೂರಲ್ಲಿ ಸೇರುತ್ತಿದ್ದರು. ಬ್ಯಾಂಡಿನ ಹಿಂದೆ ಮೆರವಣಿಗೆ ಹೋಗಿ, ಉದ್ದುದ್ದ ಭಾಷಣ ಕೇಳಿ, ಮರದ ನೆರಳಲ್ಲಿ ಊಟ ಮಾಡಿ, ರೈಲಿಗೆ ಓಡುತ್ತಿದ್ದರು. ಆ ಗಡಿಬಿಡಿಯಲ್ಲಿ ಕೋಟಿನಿಂದ ಕಳಚಿ ಬಿದ್ದದ್ದು ಇದು. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಹೋಗಿ ಬಂದವರಿಗೆ ಇದರ ಕುಲಗೋತ್ರ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿನಿಧಿಯ ಬ್ಯಾಡ್ಜು, ಸ್ವಾಗತ ಸಮಿತಿಯ ಬ್ಯಾಡ್ಜು, ಎರಡರಲ್ಲಿ ಯಾವುದು ದೊಡ್ಡದು ಎಂಬ ಜಗಳ, ಎಲ್ಲ ಅಲ್ಲೂ ಇದ್ದವು.

ಉತ್ತರದ ಪಕ್ಷದಲ್ಲಿ ಹೋರಾಡಿದವರ ದೊಡ್ಡ ಸಂಘದ ಹೆಸರು ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್, ಚುಟುಕಾಗಿ ಜಿ.ಎ.ಆರ್. ಬೆಂಜಮಿನ್ ಸ್ಟೀಫನ್‌ಸನ್ ಎಂಬ ವೈದ್ಯರು 1866ರ ಏಪ್ರಿಲ್ 6ರಂದು ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ ಶುರು ಮಾಡಿದ್ದು. 1890ರ ಹೊತ್ತಿಗೆ ಸದಸ್ಯರು 4 ಲಕ್ಷ ದಾಟಿದ್ದರು. ಊರಿಗೊಂದು ಪೋಸ್ಟ್, ರಾಜ್ಯಕ್ಕೊಂದು ಡಿಪಾರ್ಟ್‌ಮೆಂಟ್, ದೇಶಕ್ಕೆಲ್ಲ ಸೇರಿ ವರ್ಷಕ್ಕೊಂದು ನ್ಯಾಷನಲ್ ಎನ್‌ಕ್ಯಾಂಪ್‌ಮೆಂಟ್. ಇವುಗಳ ಜೊತೆ ಒಂದೇ ರೆಜಿಮೆಂಟಿನಲ್ಲಿ ಇದ್ದವರು ಬೇರೆಯಾಗಿ ನಡೆಸಿಕೊಳ್ಳುತ್ತಿದ್ದ ಪುಟ್ಟ ರಿಯೂನಿಯನ್‌ಗಳು. ಪ್ರತಿಯೊಂದಕ್ಕೂ ಒಂದು ಹೊಸ ಬಿಲ್ಲೆ. ದಕ್ಷಿಣದವರು 1889ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಯುನೈಟೆಡ್ ಕಾನ್ಫೆಡರೇಟ್ ವೆಟರನ್ಸ್ ಕಟ್ಟಿಕೊಂಡು ಅದೇ ದಾರಿ ಹಿಡಿದರು. ಜಿ.ಎ.ಆರ್.ನ ಕೊನೆಯ ಸದಸ್ಯ ಆಲ್ಬರ್ಟ್ ವುಲ್ಸನ್ 1956ರ ಆಗಸ್ಟಿನಲ್ಲಿ ಮಿನೆಸೋಟಾದ ಡುಲೂತ್‌ನಲ್ಲಿ ತೀರಿಕೊಂಡಾಗ ಸಂಘವೂ ಬಾಗಿಲು ಹಾಕಿತು.

ಸುರಕ್ಷತಾ ಸೂಚನೆಗಳು

ಅಗೆಯುವ ಮುನ್ನ ಜಾಗದ ಮಾಲೀಕರ ಒಪ್ಪಿಗೆ ಪಡೆಯಿರಿ, ಅದನ್ನೂ ಬರಹದಲ್ಲೇ ಪಡೆಯಿರಿ. ಸಿಕ್ಕಿದ್ದು ಯಾರದ್ದು ಎಂಬುದೂ ಅದೇ ಕಾಗದದಲ್ಲಿರಲಿ. ಗೆಟ್ಟಿಸ್‌ಬರ್ಗ್‌ನಂಥ ರಾಷ್ಟ್ರೀಯ ಉದ್ಯಾನಗಳೊಳಗೆ ಯಂತ್ರ ಆನ್ ಮಾಡುವುದಿರಲಿ, ಹೆಗಲ ಮೇಲೆ ಹೊತ್ತು ನಡೆದರೂ ತಪ್ಪೇ. ಫೆಡರಲ್ ಜಮೀನಿನಲ್ಲಿ 100 ವರ್ಷ ದಾಟಿದ ಪುರಾತತ್ವದ ವಸ್ತುಗಳನ್ನು ಅನುಮತಿ ಇಲ್ಲದೆ ತೆಗೆಯುವುದು 1979ರ ಕಾಯ್ದೆಯ ಪ್ರಕಾರ ಅಪರಾಧ. "ಬರೀ ಬಿಲ್ಲೆ ಸ್ವಾಮಿ" ಎಂಬ ವಾದ ರೇಂಜರ್ ಮುಂದೆ ನಡೆಯುವುದಿಲ್ಲ.

ಹಳೆಯ ಸ್ಮಶಾನಗಳಲ್ಲಿ ಜಿ.ಎ.ಆರ್. ನಕ್ಷತ್ರವನ್ನು ಹೊತ್ತ ಕಂಚಿನ ಅಥವಾ ಕಬ್ಬಿಣದ ದಪ್ಪ ಬಿಲ್ಲೆಗಳು ಕೋಲಿನ ತುದಿಯಲ್ಲಿ ನಿಂತಿರುತ್ತವೆ. ಅವು ಬಾವುಟ ಸಿಕ್ಕಿಸಲು ಗೋರಿಯ ಪಕ್ಕ ನೆಟ್ಟ ಗುರುತುಗಳು. ಅಂಥದ್ದು ನಿಮ್ಮ ಹೊಲದಲ್ಲಿ ಸಿಕ್ಕರೆ ಅದು ಯಾವುದೋ ಗೋರಿಯಿಂದ ಕದ್ದು ತಂದದ್ದಿರಬಹುದು. ಸ್ಥಳೀಯ ಇತಿಹಾಸ ಸಂಘಕ್ಕೆ ತಿಳಿಸಿ, ಕೊಟ್ಟು ಕೈತೊಳೆದುಕೊಳ್ಳಿ.

ರಜೆಗೆ ಊರಿಗೆ ಹೋಗುವಾಗ ಯಂತ್ರವನ್ನು ಮನೆಯಲ್ಲೇ ಬಿಡಿ. ಭಾರತದಲ್ಲಿ ನೆಲದಡಿ ಸಿಕ್ಕ 10 ರೂಪಾಯಿ ಮೀರಿದ ನಿಧಿಗೂ 1878ರ ಕಾಯ್ದೆಯಡಿ ಕಲೆಕ್ಟರಿಗೆ ಲೆಕ್ಕ ಒಪ್ಪಿಸಬೇಕು. ಅದಕ್ಕೂ ಮೊದಲು, ಕತ್ತಲಲ್ಲಿ ಹಾಳು ಗುಡಿಯ ಹತ್ತಿರ ನಿಮ್ಮನ್ನು ಕಂಡ ಊರವರಿಗೆ ಒಪ್ಪಿಸಬೇಕು.

ಯಂತ್ರದ ಬಗ್ಗೆ ಎರಡು ಮಾತು

ಈ ಯಂತ್ರದ ವಂಶವೃಕ್ಷದ ಬುಡದಲ್ಲೇ ಒಬ್ಬ ಹಳೇ ಸಿಪಾಯಿ ಇದ್ದಾನೆ. 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಅಂತರ್ಯುದ್ಧದಲ್ಲಿ ಉತ್ತರದ ಜನರಲ್ ಆಗಿ ಬದುಕಿ ಬಂದ ಮನುಷ್ಯ. ಮೈಯೊಳಗೆ ಗುಂಡು ಎಲ್ಲಿದೆ ಎಂದು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ವಿದ್ಯುತ್ ಉಪಕರಣ ಮಾಡಿ ತಂದರು. ಗುಂಡು ಸಿಗಲಿಲ್ಲ, ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವೆಂದು ಹೇಳುತ್ತಾರೆ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ನಿಮ್ಮ ಯಂತ್ರ ಬೆಲ್ ಅವರದ್ದಕ್ಕಿಂತ ಸಾವಿರ ಪಾಲು ಜಾಣ. ಆದರೂ ತೆಳು ಲೋಹದ ಬಿಲ್ಲೆಗೂ ಬಿಯರ್ ಡಬ್ಬಿಯ ಮುಚ್ಚಳದಿಂದ ಕಿತ್ತೆಸೆದ ಉಂಗುರಕ್ಕೂ ಅದು ಒಂದೇ ರಾಗದಲ್ಲಿ ಕೂಗುತ್ತದೆ. ಅಗೆಯದೆ ಗೊತ್ತಾಗುವುದಿಲ್ಲ. ಅಗೆದ ಗುಂಡಿಯನ್ನು ಮುಚ್ಚಿ, ಹುಲ್ಲಿನ ಹೆಂಟೆಯನ್ನು ಹಾಗೇ ಕೂರಿಸಿ, ಕಾಲಲ್ಲಿ ಒತ್ತಿ.

ಪೆಟ್ಟಿಗೆಯಲ್ಲಿ ಏನೇನಿದೆ

ಹೊಸದಾಗಿದ್ದಾಗ ಬಿಲ್ಲೆಗೆ ನಾಲ್ಕು ಭಾಗಗಳಿದ್ದವು: ಮೇಲೊಂದು ಲೋಹದ ಪಟ್ಟಿ, ಅದರ ಹಿಂದೆ ಪಿನ್ನು, ನಡುವೆ ರೇಷ್ಮೆ ರಿಬ್ಬನ್, ಕೆಳಗೆ ತೂಗುವ ಪದಕ. ಪಿನ್ನನ್ನು ತುಕ್ಕು ತಿಂದಿದೆ, ರಿಬ್ಬನ್ನನ್ನು ಮಣ್ಣು ತಿಂದಿದೆ. ಪಟ್ಟಿ ಒಂದು ಕಡೆ, ಪದಕ ಇನ್ನೊಂದು ಕಡೆ ಉಳಿದಿರುತ್ತವೆ. ನಿಮಗೆ ಸಿಕ್ಕಿರುವುದು ಹೆಚ್ಚಾಗಿ ಪದಕ ಮಾತ್ರ.

ರಿಬ್ಬನ್ ಹೋದದ್ದು ದೊಡ್ಡ ನಷ್ಟ. ಪೋಸ್ಟಿನ ಹೆಸರು, ನಂಬರು, ಊರು ಅಚ್ಚಾಗುತ್ತಿದ್ದದ್ದು ಅದರ ಮೇಲೆ. ಅನೇಕ ಪೋಸ್ಟುಗಳು ಎರಡು ಮುಖದ ರಿಬ್ಬನ್ ಹೊಲಿಸಿಕೊಳ್ಳುತ್ತಿದ್ದವು. ಒಂದು ಕಡೆ ಮೆರವಣಿಗೆಯ ಬಣ್ಣ, ತಿರುಗಿಸಿದರೆ ಕಪ್ಪು ಬಟ್ಟೆ, ಅದರ ಮೇಲೆ ಬೆಳ್ಳಿಯ ಅಕ್ಷರದಲ್ಲಿ ‘ಇನ್ ಮೆಮೋರಿಯಂ’. ಸಮಾವೇಶಕ್ಕೂ ಜೊತೆಗಾರನ ಮಣ್ಣಿಗೂ ಒಂದೇ ಬಿಲ್ಲೆ, ಮುಖ ಮಾತ್ರ ಬೇರೆ. 1900 ದಾಟಿದ ಮೇಲೆ ಆ ಕಪ್ಪು ಮುಖಕ್ಕೇ ಕೆಲಸ ಹೆಚ್ಚಾಗುತ್ತ ಬಂತು. ನಿಮಗೆ ಸಿಕ್ಕ ಪದಕ ಬಿದ್ದ ದಿನ ಯಾವ ಮುಖ ಹೊರಗಿತ್ತು ಎಂಬುದಕ್ಕೆ ಮಣ್ಣು ಸಾಕ್ಷಿ ಉಳಿಸಿಲ್ಲ.

ಗುರುತಿಸುವ ವಿಧಾನ

ಮೊದಲು ನಕ್ಷತ್ರ. ಐದು ಮೂಲೆಯ ಕಂಚಿನ ನಕ್ಷತ್ರ ಸಿಕ್ಕಿದ ಕೂಡಲೇ ಬಳಕೆದಾರರಿಗೆ ಮೈ ಜುಮ್ಮೆನ್ನುತ್ತದೆ: ಮೆಡಲ್ ಆಫ್ ಆನರ್! ದೇಶದ ಅತ್ಯುನ್ನತ ಶೌರ್ಯ ಪದಕ! ನೀರು ಕುಡಿಯಿರಿ. ಆ ಪದಕದ ಹಳೆಯ ವಿನ್ಯಾಸಕ್ಕೂ ಜಿ.ಎ.ಆರ್. ಸದಸ್ಯರ ಬಿಲ್ಲೆಗೂ ಅಣ್ಣತಮ್ಮಂದಿರ ಹೋಲಿಕೆ. ಮೇಲೆ ಹದ್ದು, ಫಿರಂಗಿ, ಕೆಳಗೆ ನಕ್ಷತ್ರ. ಬೀದಿಯಲ್ಲಿ ನೋಡಿದವರಿಗೆ ವ್ಯತ್ಯಾಸ ತಿಳಿಯದೆ ಹೋಗಿ, ಸೇನೆ ಕೊನೆಗೆ 1904ರಲ್ಲಿ ತನ್ನ ಪದಕವನ್ನೇ ಬದಲಿಸಿಕೊಂಡಿತು. ಯಾರೂ ಮತ್ತೆ ನಕಲು ಮಾಡದಿರಲೆಂದು ಜನರಲ್ ಜಾರ್ಜ್ ಗಿಲೆಸ್ಪಿ ಹೊಸ ವಿನ್ಯಾಸಕ್ಕೆ ಪೇಟೆಂಟನ್ನೂ ತೆಗೆಸಿದರು.

ಭೂತಗನ್ನಡಿ ಹಿಡಿದು ನಕ್ಷತ್ರದ ನಡುವೆ ನೋಡಿ. ಸ್ವಾತಂತ್ರ್ಯದೇವಿಯ ಮುಂದೆ ಒಬ್ಬ ಸೈನಿಕನೂ ಒಬ್ಬ ನಾವಿಕನೂ ಕೈಕುಲುಕುತ್ತಿದ್ದರೆ ಅದು ಸದಸ್ಯತ್ವದ ಬಿಲ್ಲೆ. ಸುತ್ತ ಸಂಘದ ಹೆಸರು, ‘1861 ವೆಟರನ್ 1866’ ಎಂಬ ಬರಹ ಇರುತ್ತದೆ. ಯುದ್ಧ 1865ಕ್ಕೆ ಮುಗಿಯಿತಲ್ಲ ಎಂದು ತಕರಾರು ತೆಗೆಯಬೇಡಿ. 1866 ಸಂಘ ಹುಟ್ಟಿದ ವರ್ಷವೂ ಹೌದು. ಇಂಥ ಎಷ್ಟೋ ಬಿಲ್ಲೆಗಳಿಗೆ ಬಳಸಿದ್ದು ಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿದ ಕಂಚು. ಸೈನಿಕ-ನಾವಿಕರ ಬದಲು, ಗುರಾಣಿ ಹಿಡಿದ ಮಿನರ್ವಾ ದೇವಿ ಹಾವು ಹಿಡಿದ ಗಂಡಸನ್ನು ಅಟ್ಟುತ್ತಿರುವುದು ಕಂಡರೆ ಸಲಿಕೆ ಕೆಳಗಿಡಿ. ಅದು ನಿಜವಾದ ಪದಕ. ಅದನ್ನು ಮಾರುವುದೂ ಕೊಳ್ಳುವುದೂ ಅಮೆರಿಕದ ಕಾನೂನಿಗೆ ವಿರುದ್ಧ.

ನಕ್ಷತ್ರದ ಮೇಲೆ ಹದ್ದಿನ ಜಾಗದಲ್ಲಿ ಅಧಿಕಾರಿಯ ಭುಜಪಟ್ಟಿಯಂಥದ್ದು ಇದ್ದರೆ ಕರ್ನಲ್ಲೋ ಜನರಲ್ಲೋ ಸಿಕ್ಕಿದನೆಂದು ಹಿಗ್ಗುವುದು ಸಹಜ. ಆ ದರ್ಜೆ ಸಂಘದ ಹುದ್ದೆಯದ್ದು, ಯುದ್ಧದ್ದಲ್ಲ. ಯುದ್ಧದಲ್ಲಿ ಸಾದಾ ಸಿಪಾಯಿಯಾಗಿ ಕುದುರೆ ಮೇಯಿಸಿಕೊಂಡಿದ್ದವನು ಮೂವತ್ತು ವರ್ಷದ ಮೇಲೆ ಪೋಸ್ಟಿನ ಕಮಾಂಡರ್ ಆಗಿರಬಹುದು. ಅವನ ಹಳೇ ಕ್ಯಾಪ್ಟನ್ ಅವನೆದುರು ಎದ್ದು ನಿಂತು ಮಾತಾಡಬೇಕಾಗಿರಬಹುದು. ಈ ಸಂಘಗಳ ಸುಖ ಇದ್ದದ್ದೇ ಅಲ್ಲಿ ಎಂದು ನನ್ನ ಗುಮಾನಿ.

ಪದಕ ನಕ್ಷತ್ರವಲ್ಲದೆ ಬೇರೆ ಆಕಾರದಲ್ಲಿದ್ದರೆ ಅದೃಷ್ಟವಂತರು ನೀವು, ಯಾಕೆಂದರೆ ಆಕಾರ ಮಾತಾಡುತ್ತದೆ. ಉತ್ತರದ ಸೇನೆ ದೊಡ್ಡ ದೊಡ್ಡ ಕೋರ್‌ಗಳಾಗಿ ವಿಂಗಡವಾಗಿತ್ತು. ಒಂದೊಂದಕ್ಕೂ ಒಂದು ಚಿಹ್ನೆ. 1862ರಲ್ಲಿ ಜನರಲ್ ಫಿಲಿಪ್ ಕಾರ್ನಿ ತನ್ನವರಿಗೆ ಟೋಪಿಯ ಮೇಲೆ ಕೆಂಪು ಬಟ್ಟೆಯ ತುಂಡು ಹಚ್ಚಿಸಿದ್ದು ಇದರ ಆರಂಭ. ಮರುವರ್ಷ ಜನರಲ್ ಜೋಸೆಫ್ ಹೂಕರ್ ಅದನ್ನು ತಮ್ಮ ಕೈಕೆಳಗಿದ್ದ ಪೂರ್ವದ ಸೇನೆಗೆಲ್ಲ ಕ್ರಮವಾಗಿ ಕೊಟ್ಟರು. ಕಾರಣ ಶೌರ್ಯವೇನಲ್ಲ. ಹಿಂದೆ ಉಳಿದು ತಪ್ಪಿಸಿಕೊಳ್ಳುವವರು ಯಾವ ದಳದವರು ಎಂದು ದೂರದಿಂದಲೇ ಗೊತ್ತಾಗಲಿ, ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರದಿರಲಿ ಎಂದು. ಕಳ್ಳಬೀಳುವವರನ್ನು ಪತ್ತೆ ಹಚ್ಚಲು ಹುಟ್ಟಿದ ಚಿಹ್ನೆಯನ್ನು ಅದೇ ಜನ ಮುದುಕರಾದ ಮೇಲೆ ಎದೆಯುಬ್ಬಿಸಿ ಚಿನ್ನದ ಬಣ್ಣದಲ್ಲಿ ಮಾಡಿಸಿಕೊಂಡರು.

ದುಂಡು ಬಿಲ್ಲೆ ಒಂದನೆಯ ಕೋರ್, ಮೂರೆಲೆಯ ಕ್ಲೋವರ್ ಎರಡನೆಯದು, ಡೈಮಂಡ್ ಮೂರನೆಯದು, ಬಾಣ ಹದಿನೇಳನೆಯದು, ಹೃದಯ ಇಪ್ಪತ್ನಾಲ್ಕನೆಯದು. ಐದನೆಯ ಕೋರ್‌ನದ್ದು ಮಾಲ್ಟೀಸ್ ಶಿಲುಬೆ. ಪಾದ್ರಿಯದ್ದು ಎಂದು ಹತ್ತಿರದ ಚರ್ಚಿಗೆ ಕೊಟ್ಟು ಬರಬೇಡಿ. ಅರ್ಧಚಂದ್ರ ಹನ್ನೊಂದನೆಯದು, ಅದರಲ್ಲಿ ಜರ್ಮನಿಯಿಂದ ವಲಸೆ ಬಂದವರು ಬಹಳ. ಹದಿನಾಲ್ಕನೆಯದು ಓಕ್ ಮರದ ಕಾಯಿ. ಮಲೆನಾಡಿನ ಕಡೆಯ ಬಳಕೆದಾರರು ಇದನ್ನು ಅಡಿಕೆ ಎಂದು ಹಟ ಹಿಡಿಯುವುದುಂಟು. ಚಟನೂಗದಲ್ಲಿ ರೇಷನ್ನು ಮುಗಿದು ಓಕ್ ಕಾಯಿ ತಿಂದು ದಿನ ದೂಡಿದ್ದರಿಂದ ಆ ಗುರುತು ಬಂತೆಂದು ಹೇಳುತ್ತಾರೆ.

ನನ್ನ ಮೆಚ್ಚಿನದು ಹದಿನೈದನೆಯ ಕೋರ್. ಪೂರ್ವದ ಸೈನಿಕನೊಬ್ಬ "ನಿಮ್ಮ ಬ್ಯಾಡ್ಜು ಎಲ್ಲಿ?" ಎಂದು ಹಂಗಿಸಿದಾಗ, ಹದಿನೈದನೆಯ ಕೋರ್‌ನ ಐರಿಷ್ ಸಿಪಾಯಿಯೊಬ್ಬ ಸೊಂಟದ ತೋಟಾಪೆಟ್ಟಿಗೆ ತಟ್ಟಿ "ಇದೇ, ನಲವತ್ತು ತೋಟಾ!" ಅಂದನಂತೆ. ಜನರಲ್ ಜಾನ್ ಲೋಗನ್ ಆ ಮಾತನ್ನು ಬಿಡಲಿಲ್ಲ. 1865ರಲ್ಲಿ ತೋಟಾಪೆಟ್ಟಿಗೆಯನ್ನೇ ಚಿಹ್ನೆ ಮಾಡಿ ‘40 ರೌಂಡ್ಸ್’ ಎಂದು ಬರೆಸಿದರು. ಇದೇ ಲೋಗನ್ ಮುಂದೆ ಜಿ.ಎ.ಆರ್. ಮುಖ್ಯಸ್ಥರಾಗಿ 1868ರಲ್ಲಿ ಮೇ 30ನ್ನು ಮಡಿದ ಸೈನಿಕರ ಗೋರಿಗೆ ಹೂವಿಡುವ ದಿನವೆಂದು ಗೊತ್ತು ಮಾಡಿದ್ದು. ನಿಮಗೆ ವರ್ಷವೂ ಆಫೀಸಿನಿಂದ ಸಿಗುವ ಮೆಮೋರಿಯಲ್ ಡೇ ರಜೆಯ ಮೂಲ ಅದು.

ಚೌಕ ಸಿಕ್ಕರೆ ಎರಡು ಸಲ ನೋಡಿ. ಇಪ್ಪತ್ತೈದನೆಯ ಕೋರ್‌ನ ಚಿಹ್ನೆ ಚೌಕ, ಮತ್ತು ಅದು ಕಪ್ಪು ಸೈನಿಕರ ಕೋರ್. 1864ರ ಡಿಸೆಂಬರಿನಲ್ಲಿ ಕಟ್ಟಿದ್ದು. 1865ರ ಏಪ್ರಿಲಿನಲ್ಲಿ ದಕ್ಷಿಣದ ರಾಜಧಾನಿ ರಿಚ್ಮಂಡ್ ಬಿದ್ದಾಗ ಊರೊಳಗೆ ನಡೆದವರಲ್ಲಿ ಅವರೂ ಇದ್ದರು.

ಇಸವಿ ಲೆಕ್ಕ

ಬಿಲ್ಲೆಯ ಮೇಲೆ ಇಸವಿ ಅಳಿಸಿ ಹೋಗಿ, ‘37ನೆಯ ನ್ಯಾಷನಲ್ ಎನ್‌ಕ್ಯಾಂಪ್‌ಮೆಂಟ್’ ಎಂಬುದಷ್ಟೇ ಉಳಿದಿದ್ದರೆ 1866 ಕೂಡಿಸಿ. 1903, ಸ್ಯಾನ್ ಫ್ರಾನ್ಸಿಸ್ಕೋ. 47 ಇದ್ದರೆ 1913, ಚಟನೂಗ. 83 ಇದ್ದರೆ 1949, ಇಂಡಿಯಾನಾಪೊಲಿಸ್, ಅದೇ ಕೊನೆಯದು. ದಕ್ಷಿಣದವರ ಸಮಾವೇಶಕ್ಕೆ 1890 ಕೂಡಿಸಬೇಕು: 17ನೆಯದು 1907ರಲ್ಲಿ ರಿಚ್ಮಂಡ್‌ನಲ್ಲಿ, 61ನೆಯದು ಮತ್ತು ಕೊನೆಯದು 1951ರಲ್ಲಿ ನಾರ್ಫೋಕ್‌ನಲ್ಲಿ. ತೀರಾ ಆರಂಭದ ಸಮಾವೇಶಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ರಾಜ್ಯಮಟ್ಟದ ಎನ್‌ಕ್ಯಾಂಪ್‌ಮೆಂಟ್‌ಗಳ ಎಣಿಕೆ ಆಯಾ ರಾಜ್ಯದ್ದೇ ಬೇರೆ, ಆದ್ದರಿಂದ ‘ನ್ಯಾಷನಲ್’ ಎಂಬ ಪದ ಇದೆಯೋ ಇಲ್ಲವೋ ಖಚಿತ ಮಾಡಿಕೊಳ್ಳಿ.

ದೋಷ ನಿವಾರಣೆ

‘ಹಿಂಬದಿಯಲ್ಲಿ 1896 ಎಂದಿದೆ, ಮುಂದೆ 1912 ಎಂದಿದೆ.’ ಹಿಂದಿನದು ಪೇಟೆಂಟ್ ಇಸವಿ. ನ್ಯೂಜೆರ್ಸಿಯ ನ್ಯೂಅರ್ಕ್‌ನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಇಂಥ ಬಿಲ್ಲೆ, ಬಟನ್ನುಗಳನ್ನು ರಾಶಿಗಟ್ಟಲೆ ಮಾಡಿ ದೇಶದ ತುಂಬ ಮಾರುತ್ತಿತ್ತು. ಉತ್ತರದವರಿಗೂ ದಕ್ಷಿಣದವರಿಗೂ ಅದೇ ಕಾರ್ಖಾನೆ. ಯುದ್ಧದ ಲಾಭ ಯಾರಿಗೆ ಎಂಬ ಪ್ರಶ್ನೆಗೆ ಕನಿಷ್ಠ ನ್ಯೂಅರ್ಕ್‌ನಲ್ಲಿ ಉತ್ತರವಿತ್ತು.

‘ಬಿಲ್ಲೆಯ ಮೇಲೆ ಒಬ್ಬನ ಹೆಸರೇ ಇದೆ! ಸೈನಿಕ ಸಿಕ್ಕಿಬಿಟ್ಟ!’ ಇಲ್ಲ. ಅದು ಪೋಸ್ಟಿನ ಹೆಸರು, ಮತ್ತು ಜಿ.ಎ.ಆರ್. ಪೋಸ್ಟುಗಳಿಗೆ ಬದುಕಿರುವವರ ಹೆಸರಿಡುವಂತಿರಲಿಲ್ಲ. ಆ ಹೆಸರಿನವನು ಎಲ್ಲೋ ಯುದ್ಧದಲ್ಲೋ ಆಮೇಲೋ ಸತ್ತವನು. ಬಿಲ್ಲೆ ಕಳೆದುಕೊಂಡವನು ಬೇರೆ. ಆದರೆ ಹೆಸರು ದಂಡವಲ್ಲ. ಒಂದು ರಾಜ್ಯದೊಳಗೆ ಎರಡು ಪೋಸ್ಟುಗಳಿಗೆ ಒಂದೇ ಹೆಸರು ಇರುವಂತಿರಲಿಲ್ಲವಾದ್ದರಿಂದ, ಆ ಹೆಸರು ಹಿಡಿದು ಊರು ಹುಡುಕಬಹುದು. ಊರಿನ ಇತಿಹಾಸ ಸಂಘದಲ್ಲಿ ಪೋಸ್ಟಿನ ಹಾಜರಿ ಪುಸ್ತಕ ಉಳಿದಿದ್ದರೆ ಐವತ್ತು ಅರವತ್ತು ಹೆಸರು ಸಿಗುತ್ತವೆ. ಅವರಲ್ಲಿ ಒಬ್ಬನ ಪಿನ್ನು ಸಡಿಲವಾಗಿತ್ತು.

‘ಶಿಲುಬೆಯ ನಾಲ್ಕು ಕೈಗಳಲ್ಲಿ ಕ್ಯೂಬಾ, ಫಿಲಿಪೈನ್ಸ್, ಪೋರ್ಟೊ ರಿಕೊ ಎಂದೆಲ್ಲ ಇದೆ.’ ಯುದ್ಧವೇ ಬೇರೆ. ಅದು 1898ರ ಸ್ಪ್ಯಾನಿಷ್-ಅಮೆರಿಕನ್ ಯುದ್ಧಕ್ಕೆ ಹೋದವರ ಸಂಘದ್ದು.

‘ಶಿಲುಬೆಯ ಮೇಲೆ ಲ್ಯಾಟಿನ್‌ನಲ್ಲಿ ಡಿಯೊ ವಿಂಡಿಚೆ ಎಂದು ಇದೆ.’ ಇದು ದಕ್ಷಿಣದ ಸದರ್ನ್ ಕ್ರಾಸ್ ಆಫ್ ಆನರ್. ಯುದ್ಧಕಾಲದ ಪದಕವೆಂದು ತಿಳಿಯುವವರು ಬಹಳ. ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ ಎಂಬ ಮಹಿಳಾ ಸಂಘ 1900ರಿಂದ ಕೊಡಲು ಶುರು ಮಾಡಿದ್ದು ಇದು. ಸೋತ 35 ವರ್ಷಗಳ ಮೇಲೆ, ಸೋಲನ್ನು ಸೋಲೆಂದು ಒಪ್ಪದೆ, ಊರೂರಲ್ಲಿ ವಿಗ್ರಹ ನಿಲ್ಲಿಸುತ್ತಿದ್ದ ಕಾಲದ್ದು. ಬಿಲ್ಲೆ ಚೆನ್ನಾಗಿಯೇ ಇರುತ್ತದೆ. ಅದರ ಕಾಲ ಮರೆತು ಅದನ್ನು ಹೊಗಳಬೇಡಿ.

‘ನೀಲಿ ಕೋಟಿನವನೂ ಬೂದು ಕೋಟಿನವನೂ ಕೈಕುಲುಕುತ್ತಿದ್ದಾರೆ.’ ಸದಸ್ಯರ ನಕ್ಷತ್ರದಲ್ಲಿನ ಸೈನಿಕ-ನಾವಿಕರೊಡನೆ ಇದನ್ನು ಬೆರೆಸಬೇಡಿ. ಇದು ಎರಡೂ ಪಕ್ಷದವರು ಒಟ್ಟಿಗೆ ಸೇರಿದ ಸಮಾವೇಶಗಳದ್ದು. ಅವುಗಳಲ್ಲಿ ದೊಡ್ಡದು 1913ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ನಡೆದದ್ದು. ಅಲ್ಲಿ ನಡೆದಿದ್ದ ಕದನಕ್ಕೆ 50 ವರ್ಷ ತುಂಬಿತ್ತು. ಸುಡು ಬಿಸಿಲಲ್ಲಿ 53,000ಕ್ಕೂ ಹೆಚ್ಚು ಮುದುಕರು ಡೇರೆ ಹಾಕಿಕೊಂಡು ಉಳಿದಿದ್ದರು. ಒಬ್ಬರನ್ನೊಬ್ಬರು ಕೊಲ್ಲಲು ಓಡಿದ ಕಲ್ಲುಗೋಡೆಯ ಆಚೀಚೆ ನಿಂತು ಕೈಕುಲುಕಿದರು. 25 ವರ್ಷಗಳ ಮೇಲೆ, 1938ರಲ್ಲಿ, ಮತ್ತೆ ಅಲ್ಲೇ ಸೇರಿದಾಗ ಬಂದವರು 1,800ರ ಆಸುಪಾಸು. ಕೈಕುಲುಕಿದ್ದು ಸುಳ್ಳಲ್ಲ, ಹಲವರು ಅತ್ತರು ಕೂಡ. ಆದರೆ ಯುದ್ಧಕ್ಕೆ ಕಾರಣವಾದ ಗುಲಾಮಗಿರಿಯ ಮಾತು ಆ ವೇದಿಕೆಗಳಲ್ಲಿ ಬಹುಮಟ್ಟಿಗೆ ಏಳಲಿಲ್ಲ. ಆ ಎರಡು ಕೈಗಳ ನಡುವೆ ಚೌಕದ ಚಿಹ್ನೆಯವನಿಗೆ ಜಾಗವಿರಲಿಲ್ಲ.

ಶುಚಿಗೊಳಿಸುವಿಕೆ

ಮನೆಗೆ ಬಂದಿರುವ ಅತ್ತೆಯವರ ಕೈಗೆ ಬಿಲ್ಲೆ ಸಿಗದಂತೆ ನೋಡಿಕೊಳ್ಳಿ. ಹುಣಸೆಹಣ್ಣು ಹಚ್ಚಿ, ರಂಗೋಲಿ ಪುಡಿಯಲ್ಲಿ ತಿಕ್ಕಿ, ದೇವರ ದೀಪ ಬೆಳಗುವಂತೆ ಬೆಳಗಿಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಹದ್ದಿನ ರೆಕ್ಕೆಯೂ ಹೋಗಿರುತ್ತದೆ, ಅಲ್ಲಲ್ಲಿ ಉಳಿದಿದ್ದ ಚಿನ್ನದ ಲೇಪವೂ ಹೋಗಿರುತ್ತದೆ. ಹಸಿರು ಬಣ್ಣ ಕೊಳೆಯಲ್ಲ, ಕಂಚು ತನಗೆ ತಾನೇ ಹೊದೆದುಕೊಂಡ ಹೊದಿಕೆ. ಸಾದಾ ನೀರು, ಮೆತ್ತನೆಯ ಬ್ರಷ್ಷು, ಅಕ್ಷರಗಳ ಸಂದಿಗೆ ಹಲ್ಲುಕಡ್ಡಿ. ಅಗ್ಗದ ಬಿಳಿ ಲೋಹದ್ದಾದರೆ ಬ್ರಷ್ಷೂ ಬೇಡ. ಅದು ಹಪ್ಪಳದಷ್ಟು ಬೇಗ ಮುರಿಯುತ್ತದೆ.

ಏನು ಮಾಡಿದರೂ ಅಕ್ಷರ ಕಾಣದಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಿಲ್ಲೆಯ ಪಕ್ಕದಲ್ಲಿ ಅಡ್ಡ ಮಲಗಿಸಿ ಬೆಳಕು ಹಾಯಿಸಿ ಫೋಟೋ ತೆಗೆಯಿರಿ. ಸವೆದ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ. ಅದೂ ಕೈಕೊಟ್ಟರೆ ಬಿಲ್ಲೆ ಸಿಕ್ಕ ಜಾಗಕ್ಕೇ ಮತ್ತೆ ಹೋಗಿ, ಗುಂಡಿಯ ಸುತ್ತ ನಾಲ್ಕೈದು ಅಡಿ ನಿಧಾನವಾಗಿ ಯಂತ್ರ ಆಡಿಸಿ. ಪದಕ ಬಿದ್ದ ಕಡೆ ಮೇಲಿನ ಪಟ್ಟಿಯೂ ಬಿದ್ದಿರುವ ಸಂಭವ ಹೆಚ್ಚು, ನೇಗಿಲು ಎಳೆದುಕೊಂಡು ಹೋಗಿರದಿದ್ದರೆ. ಪಟ್ಟಿಯ ಮೇಲೆ ‘ಡೆಲಿಗೇಟ್’ ಎಂದೋ ‘ಕಾಮ್ರೇಡ್’ ಎಂದೋ ಇದ್ದರೆ ಪೋಸ್ಟಿನ ಪುಸ್ತಕ ಹುಡುಕಲು ಹೊರಡಿ. ‘ರಿಸೆಪ್ಷನ್ ಕಮಿಟಿ’ ಎಂದಿದ್ದರೆ ಊರಿನ ಅಂಗಡಿಗಳ ಹಳೆಯ ಪಟ್ಟಿಯಲ್ಲೂ ಹುಡುಕಿ. ಆತ ಲೆಮನೇಡ್ ಹಂಚಲು ನಿಂತ ಹಾರ್ಡ್‌ವೇರ್ ಅಂಗಡಿಯವನಿರಬಹುದು, ಯುದ್ಧ ನಡೆದಾಗ ತೊಟ್ಟಿಲಲ್ಲಿದ್ದಿರಬಹುದು.